ಅಳೆಯುವ ಮೊದಲೇ ಯೋಜನೆ: ದತ್ತಾಂಶವನ್ನು ಕಾಪಾಡೋಣ, ಹಂಚೋಣ



ವಿಜ್ಞಾನ ಪ್ರದರ್ಶನಕ್ಕಾಗಿ ಇಬ್ಬರು ಮಕ್ಕಳು ತಮ್ಮ ತಮ್ಮ ಕಟ್ಟಡದ ತಾರಸಿಯಲ್ಲಿ ಉಷ್ಣತೆಯನ್ನು ಅಳೆದರು ಎಂದು ಭಾವಿಸೋಣ. ದುಬೈಯ ಹುಡುಗ ‘5-7, 42’ ಎಂದು ಬರೆದ. ಅಬುಧಾಬಿಯ ಹುಡುಗಿ ‘7-5, 108’ ಎಂದು ಬರೆದಳು. ಇವನ್ನು ಹೋಲಿಸುವುದು ಹೇಗೆ? ತಾರೀಖು ಜುಲೈ 5ರದೋ, ಮೇ 7ರದೋ? ಅಳತೆ ಸೆಲ್ಸಿಯಸ್ಸೋ, ಫ್ಯಾರನ್‌ಹೀಟೋ? ಬಿಸಿಲಿನಲ್ಲೋ, ನೆರಳಿನಲ್ಲೋ? ಇಬ್ಬರೂ ಶ್ರಮಪಟ್ಟಿದ್ದಾರೆ. ಆದರೆ ಆ ಶ್ರಮ ಮೂರನೆಯವರ ಉಪಯೋಗಕ್ಕೆ ಬಾರದು. ಕಳೆದುಹೋದ ಬೇಸಿಗೆಯನ್ನು ಮತ್ತೆ ಅಳೆಯಲು ಯಾರಿಂದಲೂ ಆಗದು.

ಸಂಶೋಧನೆಯಲ್ಲಿ ಸಂಗ್ರಹಿಸಿದ ಅಳತೆ, ಚಿತ್ರ, ಟಿಪ್ಪಣಿಗಳನ್ನು ದತ್ತಾಂಶ ಎನ್ನುತ್ತೇವೆ. ಅದನ್ನು ಹೇಗೆ ಬರೆದಿಡಬೇಕು, ಎಲ್ಲಿ ಕಾಪಾಡಬೇಕು, ಯಾರಿಗೆ ಯಾವಾಗ ಕೊಡಬೇಕು ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ನಿರ್ಧರಿಸುವುದೇ ದತ್ತಾಂಶ ಯೋಜನೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂಬ ಹಿರಿಯರ ಮಾತು ಇಲ್ಲಿಗೂ ಸಲ್ಲುತ್ತದೆ.

ದೊಡ್ಡ ಸಂಸ್ಥೆಗಳಿಗೂ ಈ ಎಚ್ಚರ ಬೇಕು. 1969ರ ಜುಲೈಯಲ್ಲಿ ಅಪೊಲೊ 11ರ ಗಗನಯಾತ್ರಿಗಳು ಚಂದ್ರನ ಮೇಲೆ ನಡೆದ ದೃಶ್ಯಗಳ ಮೂಲ ಟೇಪುಗಳಿಗಾಗಿ ನಾಸಾ ಬಹುಕಾಲ ಹುಡುಕಿತು. ಅವುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಮರಳಿ ಬಳಸಿರಬೇಕೆಂದು 2009ರಲ್ಲಿ ತಿಳಿಸಿತು. ದೂರದರ್ಶನದಲ್ಲಿ ಪ್ರಸಾರವಾದ ಪ್ರತಿಗಳು ಉಳಿದವು. ಅವುಗಳಿಗಿಂತ ಸ್ಪಷ್ಟವಾಗಿದ್ದ ಮೂಲ ಉಳಿಯಲಿಲ್ಲ.

ಒಳ್ಳೆಯ ಮಾದರಿ ನಾವಿರುವ ನಾಡಿನಲ್ಲೇ ಇದೆ. ದುಬೈಯ ಮೊಹಮ್ಮದ್ ಬಿನ್ ರಾಶಿದ್ ಬಾಹ್ಯಾಕಾಶ ಕೇಂದ್ರದ ‘ಹೋಪ್’ ನೌಕೆ 2020ರ ಜುಲೈಯಲ್ಲಿ ಜಪಾನಿನಿಂದ ಹೊರಟು, 2021ರ ಫೆಬ್ರವರಿ 9ರಂದು ಮಂಗಳನ ಕಕ್ಷೆ ಸೇರಿತು. ಅದರ ಮೂರು ಉಪಕರಣಗಳು ಮಂಗಳನ ವಾತಾವರಣವನ್ನು ಅಳೆಯುತ್ತವೆ. ಈ ದತ್ತಾಂಶವನ್ನು ಜಗತ್ತಿಗೆಲ್ಲ ಉಚಿತವಾಗಿ ಕೊಡುವುದಾಗಿ ಉಡಾವಣೆಗೆ ಮೊದಲೇ ಪ್ರಕಟಿಸಲಾಗಿತ್ತು. ಅದರಂತೆ 2021ರ ಅಕ್ಟೋಬರ್‌ನಲ್ಲಿ ಮೊದಲ ಕಂತು ಹೊರಬಂತು. ನಮ್ಮ ಕರ್ನಾಟಕದಲ್ಲೂ ಇಂಥ ಭಂಡಾರವಿದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ ಇಸ್ರೋದ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವು ಮಂಗಳಯಾನದ ಮೊದಲ ವರ್ಷದ ದತ್ತಾಂಶವನ್ನು 2016ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮಂಗಳಯಾನದ ಸಂಪರ್ಕ 2022ರಲ್ಲಿ ಕಡಿದುಹೋಯಿತು. ಆದರೆ ಅದು ಕಳುಹಿಸಿದ ದತ್ತಾಂಶ ಇಂದಿಗೂ ಅಧ್ಯಯನಕ್ಕೆ ದೊರೆಯುತ್ತದೆ.

ಭಾಷಾ ಪಾಠದಿಂದಲೂ ಒಂದು ಉದಾಹರಣೆ ನೋಡೋಣ. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನದಲ್ಲಿ ಕಾಲವನ್ನು ನಮೂದಿಸಿಲ್ಲ. ಹೀಗಾಗಿ ಲಿಪಿ, ಭಾಷೆಗಳ ಆಧಾರದಿಂದ ಅದನ್ನು ಸುಮಾರು ಕ್ರಿ.ಶ. 450ರದೆಂದು ವಿದ್ವಾಂಸರು ಊಹಿಸಬೇಕಾಯಿತು. ಒಂದು ತಾರೀಖಿನ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಹಾಗಾದರೆ ನಮ್ಮ ಪುಟ್ಟ ಪ್ರಯೋಗಕ್ಕೂ ಮೊದಲ ಪುಟದಲ್ಲೇ ಐದು ಪ್ರಶ್ನೆಗಳಿಗೆ ಉತ್ತರ ಬರೆಯೋಣ.

1. ಏನನ್ನು ಅಳೆಯುತ್ತೇವೆ? ಯಾವ ಉಪಕರಣದಿಂದ, ಯಾವ ಮಾನದಲ್ಲಿ?

2. ಪ್ರತಿ ಅಳತೆಯ ಜೊತೆ ಏನನ್ನು ಬರೆಯುತ್ತೇವೆ? ಸ್ಥಳ, ಗಂಟೆ, ಅಳೆದವರ ಹೆಸರು ಬೇಕು. ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಗೊಂದಲವಿಲ್ಲ.

3. ಎಲ್ಲಿ ಇಡುತ್ತೇವೆ? ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಕಡೆ ಇರಲಿ. ಮೂಲವನ್ನು ತಿದ್ದದೆ, ತಿದ್ದುಪಡಿಯನ್ನು ಬೇರೆ ಪ್ರತಿಯಲ್ಲಿ ಮಾಡಬೇಕು.

4. ಯಾರಿಗೆ, ಯಾವಾಗ ಕೊಡುತ್ತೇವೆ? ಬಳಸಿದವರು ನಮ್ಮ ಹೆಸರನ್ನು ಹೇಳಬೇಕು. ನಾವು ಬಳಸಿದರೆ ಅವರ ಹೆಸರನ್ನು ಹೇಳಬೇಕು.

5. ಯಾವುದನ್ನು ಕೊಡಬಾರದು? ಗೆಳೆಯರ ಎತ್ತರ, ತೂಕ, ಕಾಯಿಲೆಯಂಥ ವಿಷಯಗಳಿಗೆ ಅವರ ಹಾಗೂ ಪೋಷಕರ ಒಪ್ಪಿಗೆ ಬೇಕು. ಹಂಚುವಾಗ ಅವರ ಹೆಸರನ್ನು ತೆಗೆಯಬೇಕು.

ಪೋಷಕರಲ್ಲಿ ಒಂದು ವಿನಂತಿ. ಮಕ್ಕಳ ಪ್ರಾಜೆಕ್ಟಿನ ಚಾರ್ಟು ಅಂದವಾಗಿದೆಯೇ ಎಂದು ನೋಡುವಂತೆ, ಟಿಪ್ಪಣಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ. ಅದನ್ನು ಓದಿ ನೀವು ಅದೇ ಪ್ರಯೋಗವನ್ನು ಮಾಡಬಲ್ಲಿರಾದರೆ ಮಗು ವಿಜ್ಞಾನದ ದಾರಿಯಲ್ಲಿದೆ ಎಂದೇ ಅರ್ಥ.

ವಿದ್ಯೆ ಹಂಚಿದಷ್ಟೂ ಬೆಳೆಯುತ್ತದೆ ಎನ್ನುತ್ತೇವೆ. ಇನ್ನೊಬ್ಬರಿಗೆ ಅರ್ಥವಾಗುವಂತೆ ಬರೆದಿಟ್ಟಾಗ ಮಾತ್ರ ಅದನ್ನು ಹಂಚಲು ಸಾಧ್ಯ.