ಕೈಯಲ್ಲಿ ಕಸುಬು, ಕಾಗದದಲ್ಲಿ ಹೆಸರು





ಮದೀನಾದ ಒಬ್ಬ ಬಡ ಅನ್ಸಾರಿ ಪ್ರವಾದಿ ಮುಹಮ್ಮದ್(ಸ)ರ ಬಳಿ ನೆರವು ಕೇಳಲು ಬಂದ ಪ್ರಸಂಗವನ್ನು ನಮ್ಮಲ್ಲಿ ಹಲವರು ಜುಮಾ ಬಯಾನಿನಲ್ಲಿ ಕೇಳಿದ್ದೇವೆ. ಅವರ ಮನೆಯಲ್ಲಿದ್ದದ್ದು ಒಂದು ಹೊದಿಕೆ ಮತ್ತು ನೀರು ಕುಡಿಯುವ ಒಂದು ಬಟ್ಟಲು. ಪ್ರವಾದಿ(ಸ)ರು ಎರಡನ್ನೂ ತರಿಸಿ 2 ದಿರ್ಹಮಿಗೆ ಮಾರಿದರು. ಒಂದು ದಿರ್ಹಮಿನಿಂದ ಮನೆಗೆ ಆಹಾರ ಕೊಳ್ಳಲು, ಇನ್ನೊಂದರಿಂದ ಕೊಡಲಿ ತರಲು ಹೇಳಿದರು. ಕೊಡಲಿಗೆ ತಾವೇ ಹಿಡಿ ಹಾಕಿಕೊಟ್ಟು, ಸೌದೆ ಕಡಿದು ಮಾರುವಂತೆ ಹೇಳಿ 15 ದಿನಕ್ಕೆ ಕಳಿಸಿದರು. ಆ ವ್ಯಕ್ತಿ ಮರಳಿ ಬಂದಾಗ 10 ದಿರ್ಹಮ್ ಸಂಪಾದಿಸಿದ್ದರು.

ಈ ಪ್ರಸಂಗದಲ್ಲಿ ಮೂರು ಸಂಗತಿಗಳಿವೆ. ಮೊದಲು ಮನೆಯವರ ಹಸಿವು ನೀಗಿತು. ನಂತರ ಉಪಕರಣ ದುಡಿಯುವವರ ಸ್ವಂತದ್ದಾಯಿತು. ಕೊನೆಗೆ, ಸರಕನ್ನು ಅವರೇ ಮಾರಿದರು. ಕೊಡಲಿ ಬೇರೆಯವರದಾಗಿದ್ದರೆ ಸಿಗುತ್ತಿದ್ದದ್ದು ಕೂಲಿ ಮಾತ್ರ. ಇದೇ ಅಳತೆ ಹಿಡಿದು ನಮ್ಮ ಭಾಗದ ಹೆಣ್ಣುಮಕ್ಕಳ ಕೈಕಸುಬನ್ನು ನೋಡೋಣ.

ಮರುಭೂಮಿಯ ಮಗ್ಗ

ಕೈಕಸುಬು ಮುಸ್ಲಿಂ ಮಹಿಳೆಗೆ ಹೊಸದಲ್ಲ. ಉಮ್ಮುಲ್ ಮೂಮಿನೀನ್ ಝೈನಬ್ ಬಿನ್ತ್ ಜಹ್ಶ್(ರ)ರು ಚರ್ಮ ಹದಮಾಡಿ, ಹೊಲಿದು, ಬಂದ ಹಣವನ್ನು ಸದಕಾ ಮಾಡುತ್ತಿದ್ದರು. ಅರಬ್ ಮರುಭೂಮಿಯ ಬದೂಯಿನ್ ಎಂಬ ಅಲೆಮಾರಿ ಕುಲಗಳಲ್ಲಿ ಗುಡಾರದ ಬಟ್ಟೆ, ಹಾಸು, ಒಂಟೆಯ ಅಲಂಕಾರ ನೇಯುವವರು ಹೆಂಗಸರು. ಕುರಿ ಉಣ್ಣೆ, ಮೇಕೆ ಮತ್ತು ಒಂಟೆಯ ಕೂದಲಿನಿಂದ ನೆಲದ ಮೇಲಿನ ಮಗ್ಗದಲ್ಲಿ ನೇಯುವ ಇದಕ್ಕೆ 'ಸದು' ಎಂದು ಹೆಸರು. ಕುಟುಂಬಗಳು ಊರುಗಳಲ್ಲಿ ನೆಲೆಸಿದ ಮೇಲೆ ಗುಡಾರ ಬೇಡವಾಯಿತು, ನೇಯುವವರೂ ಕಡಿಮೆಯಾದರು. 2011ರಲ್ಲಿ ಯುನೆಸ್ಕೊ ಅರಬ್ ಎಮಿರೇಟ್ಸ್‌ನ ಸದುವನ್ನು ತುರ್ತಾಗಿ ಉಳಿಸಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ನೆಗೆವ್ ಮರುಭೂಮಿಯ ಲಕಿಯಾ ಎಂಬ ಊರಿನಲ್ಲಿ ಬದೂಯಿನ್ ಮಹಿಳೆಯರು ಸಂಘದ ಮೂಲಕ ಉಣ್ಣೆ ನೂತು, ಹಾಸು ನೇಯ್ದು ಮಾರುತ್ತಾರೆ. ಗುಡಾರ ಹೋದರೂ ಕೊಳ್ಳುವವರು ಸಿಕ್ಕಿದ ಕಡೆ ಕಸುಬು ಉಳಿಯಿತು.

ನಮ್ಮ ನೂಲು, ನಮ್ಮ ಗೊಂಬೆ

ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಕ್ಕೆ ದಿನವೂ ಹೆಣ್ಣುಮಕ್ಕಳು ಕೆಲಸಕ್ಕೆ ಹೋಗುತ್ತಾರೆ. ಆದರೆ ಹಾಲು ಕುಡಿಯುವ ಮಗು, ಹಾಸಿಗೆ ಹಿಡಿದ ಅತ್ತೆ-ಮಾವ ಇರುವ ಮನೆಯ ಸೊಸೆಗೆ ಶಿಫ್ಟ್ ಕೆಲಸ ಕಷ್ಟ. ಅಂಥವರಿಗೆ ಮನೆಯಲ್ಲೋ ಹತ್ತಿರದಲ್ಲೋ ಮಾಡುವ ಕಸುಬೇ ದಾರಿ. ನಮ್ಮ ಸುತ್ತ ಅಂಥ ಎರಡು ಹೆಸರಾದ ಕಸುಬುಗಳಿವೆ.

ಒಂದು, ರಾಮನಗರದ ರೇಷ್ಮೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ಹಲವು ಎಳೆ ಕೂಡಿಸಿ ನೂಲು ತೆಗೆಯಬೇಕು. ಒಂದು ಕಿಲೋ ನೂಲಿಗೆ ಸುಮಾರು 6ರಿಂದ 8 ಕಿಲೋ ಗೂಡು ಬೇಕು. ಬಿಸಿನೀರಿನಲ್ಲಿ ಕೈಯಿಟ್ಟು ಬೆರಳು ಹುಣ್ಣಾಗುವುದು, ಹಬೆಯಲ್ಲಿ ಕೂತು ಕೆಮ್ಮು ಬರುವುದು ಈ ಘಟಕಗಳ ಹೆಂಗಸರಿಗೆ ಗೊತ್ತಿರುವ ಪಾಡು. ಆದರೆ ಸರ್ಕಾರಿ ಮಾರುಕಟ್ಟೆಯಲ್ಲಿ ಗೂಡು ಕೊಳ್ಳಲು ರೀಲರ್ ಲೈಸೆನ್ಸ್ ಬೇಕು. 1959ರ ಕಾಯ್ದೆಯಿಂದ ಬಂದ ವ್ಯವಸ್ಥೆ ಅದು. ಲೈಸೆನ್ಸ್ ಇಲ್ಲದವಳು ಎಷ್ಟು ನುರಿತವಳಾದರೂ ದಿನಗೂಲಿಯವಳೇ. ಸ್ವಯಂಚಾಲಿತ ಯಂತ್ರಗಳು ಬಂದಂತೆ ಆ ಕೂಲಿ ಕೆಲಸವೂ ಕಡಿಮೆಯಾಗುತ್ತದೆ.

ಇನ್ನೊಂದು, ಚನ್ನಪಟ್ಟಣದ ಗೊಂಬೆ. ಟಿಪ್ಪು ಸುಲ್ತಾನರು ಪರ್ಶಿಯಾದ ಕುಶಲಕರ್ಮಿಗಳನ್ನು ಕರೆಸಿದರೆಂದು, ಮುಂದೆ ಬಾವಾಸ್ ಮಿಯಾನ್ ಎಂಬವರು ಜಪಾನಿನ ಅರಗಿನ ಕೆಲಸದ ರೀತಿಯನ್ನು ಇಲ್ಲಿಗೆ ತಂದರೆಂದು ಊರಿನಲ್ಲಿ ಹೇಳುತ್ತಾರೆ. ಒಣಗಿಸಿದ ಆಲೆ ಮರದ ತುಂಡನ್ನು ಲೇತಿನಲ್ಲಿ ತಿರುಗಿಸಿ ಆಕಾರ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೊನೆಗೆ ತಾಳೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಲೇತ್ ಹಿಡಿದ ಹೆಂಗಸರಿದ್ದಾರೆ. ಬಣ್ಣ ಬರೆಯುವುದು, ಬಿಡಿಭಾಗ ಜೋಡಿಸುವುದು ಕೂಡ ಹೆಂಗಸರು ಮಾಡುವ ಕೆಲಸ. ಈ ಗೊಂಬೆಗೆ ಜಿಐ ಮಾನ್ಯತೆಯಿದೆ. ಆದರೆ ಜಿಐ ಊರಿನ ಹೆಸರನ್ನು ಕಾಯುತ್ತದೆ, ಗೊಂಬೆ ಮಾಡಿದವಳ ಕೂಲಿಯನ್ನಲ್ಲ. ಬಿಡಿ ಲೆಕ್ಕದಲ್ಲಿ ದುಡಿಯುವವಳಿಗೆ ತನ್ನ ಗೊಂಬೆ ಅಂಗಡಿಯಲ್ಲಿ ಎಷ್ಟಕ್ಕೆ ಹೋಯಿತೆಂದು ತಿಳಿಯುವುದೂ ಅಪರೂಪ.

ಎರಡೂ ಕಡೆ ಕೊರತೆ ಕೌಶಲದ್ದಲ್ಲ. ಉಪಕರಣ, ಲೈಸೆನ್ಸ್, ಲೆಕ್ಕದ ಪುಸ್ತಕ ಬೇರೆಯವರ ಕೈಯಲ್ಲಿರುವುದೇ ಕೊರತೆ.

ಮನೆಗೆ ಒಂದೇ ಹೆಸರು

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ-ಆಟಿಕೆ ತಯಾರಿಕೆ, ಹೊಲಿಗೆ, ಬುಟ್ಟಿ-ಚಾಪೆ-ಪೊರಕೆ ತಯಾರಿಕೆ ಸೇರಿವೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು ಇದೆ. ಬಡ್ಡಿಯ ಕಾರಣಕ್ಕೆ ಸಾಲ ಬೇಡವೆನ್ನುವವರು ಸಾಲ ತೆಗೆದುಕೊಳ್ಳಲೇಬೇಕೆಂದಿಲ್ಲ. ಆದರೆ ಒಂದು ನಿಯಮವನ್ನು ಗಮನಿಸಿ: ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಸೇರಿದ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ನೋಂದಣಿ. ಯೋಚಿಸದೆ ಮನೆಯ ಯಜಮಾನರ ಹೆಸರು ಬರೆಸಿದರೆ, ನಿಜವಾಗಿ ಹೊಲಿಯುವ ಅಥವಾ ಗೊಂಬೆ ಮಾಡುವ ಹೆಂಡತಿಗೆ ಆ ಬಾಗಿಲು ಮುಚ್ಚುತ್ತದೆ. ಕಸುಬು ಯಾರ ಕೈಯಲ್ಲಿದೆಯೋ ಅವರ ಹೆಸರೇ ಅರ್ಜಿಯಲ್ಲಿರಲಿ. ಸ್ತ್ರೀ ಗಳಿಸಿದ್ದರಲ್ಲಿ ಸ್ತ್ರೀಗೆ ಪಾಲಿದೆ ಎಂಬುದು ಕುರ್‌ಆನಿನ (4:32) ಬೋಧನೆಯೂ ಹೌದು.

ಮಾರಾಟದ ದಾರಿಯೂ ಈಗ ಸ್ವಲ್ಪ ಸುಲಭವಾಗಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣವಿಲ್ಲ. ನಾಲ್ಕು ಜನ ಸೇರಿ ಸರಕು ಹಿಡಿದು ಬೆಂಗಳೂರಿನ ಅಂಗಡಿಗಳಲ್ಲಿ ದರ ಕೇಳಿ ಬರಬಹುದು. ಕೊಡದಿದ್ದರೂ ಸರಿ, ದರ ತಿಳಿದು ಬಂದವಳು ಮರುದಿನ ದಲ್ಲಾಳಿಯ ಮುಂದೆ ಬೇರೆ ರೀತಿ ಮಾತಾಡುತ್ತಾಳೆ.

ದಾನಿಗಳಲ್ಲಿ ಅರಿಕೆ

ಹೊಲಿಗೆ ಯಂತ್ರ ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕೆ ಕೆಲಸ ಮುಗಿಯುವುದಿಲ್ಲ. ಹನಫಿ ಫಿಕ್ಹ್‌ನಲ್ಲಿ ಝಕಾತ್ ಸಲ್ಲಲು 'ತಮ್ಲೀಕ್' ಬೇಕು, ಅಂದರೆ ಕೊಟ್ಟದ್ದು ಪಡೆದವರ ಸ್ವಂತ ಆಸ್ತಿಯಾಗಬೇಕು. ಆದ್ದರಿಂದ ಝಕಾತ್ ಹಣದ ಯಂತ್ರ ಅರ್ಹ ಮಹಿಳೆಯ ಸ್ವಂತದ್ದಾಗಲಿ. ಎಲ್ಲರೂ ಬಳಸುವ ತರಬೇತಿ ಕೇಂದ್ರಕ್ಕೆ ಸದಕಾ ಹಣ ಕೊಡಿ. ಸಂದೇಹವಿದ್ದರೆ ನಿಮ್ಮ ಆಲಿಮರನ್ನು ಕೇಳಿ. ಮರ, ಅರಗು, ಬಟ್ಟೆ ಕೊಳ್ಳುವ ಕೈಬಂಡವಾಳಕ್ಕೆ ಬಡ್ಡಿಯಿಲ್ಲದ ಕರ್ಝೆ ಹಸನ ಸೂಕ್ತ. ಮೊದಲ ಕೆಲವು ತಿಂಗಳು ಆ ಮನೆಗೆ ರೇಷನ್ನಿನ ಆಸರೆಯೂ ಇರಲಿ. ಇಲ್ಲದಿದ್ದರೆ ಹಸಿವಿಗೆ ಯಂತ್ರವೇ ಮಾರಾಟವಾಗುತ್ತದೆ.

ಕುಟುಂಬಗಳಿಗೆ ಮಾತು

ಮನೆಯ ಕಸುಬು ಬೆಳೆದಾಗ ಮೊದಲು ಶಾಲೆ ಬಿಡುವವಳು ದೊಡ್ಡ ಮಗಳು. ಕರ್ನಾಟಕದ ರೇಷ್ಮೆ ಘಟಕಗಳಲ್ಲಿ ಮಕ್ಕಳ ದುಡಿಮೆಯ ಬಗ್ಗೆ 2003ರಲ್ಲಿ ಅಂತರರಾಷ್ಟ್ರೀಯ ವರದಿಯೇ ಬಂದಿತ್ತು. 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು 2016ರ ತಿದ್ದುಪಡಿ ಎಲ್ಲ ಉದ್ಯೋಗಗಳಲ್ಲೂ ನಿಷೇಧಿಸಿದೆ. ಮಗಳು ಅಮ್ಮಿಯಿಂದ ಕಸುಬು ಕಲಿಯಲಿ, ಆದರೆ ಶಾಲೆ ತಪ್ಪಿಸಿ ಅಲ್ಲ. ಅವಳಿಗೆ ಒಂದು ಕೆಲಸ ಮಾತ್ರ ಒಪ್ಪಿಸಿ: ಅಮ್ಮಿಯ ಲೆಕ್ಕದ ಪುಸ್ತಕ ಬರೆಯುವುದು.

ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನ ಮನೆಯವರೆಲ್ಲ ಕೂತು ಈ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

1. ನಮ್ಮ ಮನೆಯಲ್ಲಿ ಕಸುಬು ಯಾರ ಕೈಯಲ್ಲಿದೆ? ಉಪಕರಣ ಯಾರದು?
2. ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ ಇದೆಯೇ? ಕೂಲಿ ಅದಕ್ಕೇ ಬೀಳುತ್ತದೆಯೇ?
3. ಒಂದು ವಸ್ತುವಿಗೆ ಸಾಮಾನು, ಕರೆಂಟು, ಸಮಯ ಎಷ್ಟು ಹೋಗುತ್ತದೆಂದು ಬರೆದಿಟ್ಟಿದ್ದೇವೆಯೇ?
4. ಆ ವಸ್ತು ಅಂಗಡಿಯಲ್ಲಿ ಎಷ್ಟಕ್ಕೆ ಮಾರಾಟವಾಗುತ್ತದೆ?

ನಾಲ್ಕಕ್ಕೂ ಉತ್ತರ ಬರೆದ ಮನೆಯಲ್ಲಿ ಮಗಳ ಫೀಸಿನ ಒಂದು ಪಾಲನ್ನು ತಾಯಿಯೇ ಕಟ್ಟುವ ದಿನ ದೂರವಿಲ್ಲ. ಅಲ್ಲಾಹನು ದುಡಿಯುವ ಕೈಗಳಿಗೂ ಕೊಡುವ ಕೈಗಳಿಗೂ ಬರಕತ್ ನೀಡಲಿ. ಆಮೀನ್.