ತೂಕ ಹಾಕಿಸುವ ಮೊದಲು ಒಮ್ಮೆ ಪ್ಲಗ್ ಕಿತ್ತು ನೋಡಿ

ಹಾಸನದ ಆಲೂಗಡ್ಡೆ, ಚನ್ನರಾಯಪಟ್ಟಣದ ಕೊಬ್ಬರಿ, ಅರಕಲಗೂಡಿನ ಶುಂಠಿ, ಹೊಳೆನರಸೀಪುರದ ಮುಸುಕಿನ ಜೋಳ. ಮಾಲು ಯಾವುದಾದರೂ ಮೂಟೆ ಏರುವುದು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆಯೇ. ಕೆಂಪು ಅಂಕಿ ಹೊಳೆದರೆ ಮುಗಿಯಿತು, ಯಾರೂ ಎದುರು ಮಾತಾಡುವುದಿಲ್ಲ.

ಆ ಅಂಕಿ ಹುಟ್ಟುವುದು ತಟ್ಟೆಯ ಕೆಳಗಿರುವ ಲೋಡ್ ಸೆಲ್ ಎಂಬ ಲೋಹದ ತುಂಡಿನಲ್ಲಿ. ಭಾರ ಬಿದ್ದರೆ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ, ಸಾಮಾನ್ಯವಾಗಿ 350 ಓಮ್‌ನ ನಾಲ್ಕು ರೆಸಿಸ್ಟರುಗಳಲ್ಲಿ ಎರಡು ಹಿಗ್ಗಿ, ಎರಡು ಕುಗ್ಗುತ್ತವೆ. 100 ಕಿಲೋ ತಾಳುವ, ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವ ಸೆಲ್‌ಗೆ 5 ವೋಲ್ಟ್ ಹರಿಸಿದರೆ ಪೂರ್ತಿ ಭಾರಕ್ಕೆ ಸಿಗುವುದು ಬರೀ 10 ಮಿಲಿವೋಲ್ಟ್. ಅಂದರೆ 10 ಗ್ರಾಂಗೆ 1 ಮೈಕ್ರೋವೋಲ್ಟ್, ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು! ಒಳ್ಳೆಯ ತಕ್ಕಡಿ ಅಳೆಯುವುದಕ್ಕೂ ಅದೇ 5 ವೋಲ್ಟನ್ನೇ ಆಧಾರವಾಗಿಟ್ಟುಕೊಳ್ಳುವುದರಿಂದ ಸಣ್ಣ ಏರಿಳಿತ ತಾನಾಗಿ ವಜಾ ಆಗುತ್ತದೆ. ಬ್ಯಾಟರಿ ತೀರಾ ಕುಸಿದರೆ ಮಾತ್ರ ಈ ಲೆಕ್ಕವೂ ಕೈಕೊಡುತ್ತದೆ.

ಪರೀಕ್ಷೆ ಹೀಗೆ ಮಾಡಿ. ತಕ್ಕಡಿಯನ್ನು ಸಮತಟ್ಟಾಗಿಟ್ಟು, ಆನ್ ಮಾಡಿ ಕಾಲು ಗಂಟೆ ಬಿಡಿ. ಸೊನ್ನೆ ನಿಂತ ಮೇಲೆ ಮುದ್ರೆಯಿರುವ ತೂಕದ ಬಟ್ಟು ಇಟ್ಟು ಅಂಕಿ ಬರೆದುಕೊಳ್ಳಿ. ಬಟ್ಟು ಅಲ್ಲೇ ಇರಲಿ, ಪ್ಲಗ್ ಕೀಳಿ. ಬ್ಯಾಟರಿಗೆ ಬಂದಾಗ ಅಂಕಿ ಒಂದು ಮನೆಗಿಂತ (ತಕ್ಕಡಿ ತೋರಿಸುವ ಅತಿ ಸಣ್ಣ ಹೆಜ್ಜೆಗಿಂತ) ಹೆಚ್ಚು ಸರಿದರೆ ಬ್ಯಾಟರಿಯೋ ಅಡಾಪ್ಟರೋ ಸೋತಿದೆ. ಸಂಜೆ ವೋಲ್ಟೇಜ್ ಇಳಿಯುವ ಹೊತ್ತಿನಲ್ಲಿ ಇನ್ನೊಮ್ಮೆ ನೋಡುವುದು ಲೇಸು. ಮುಂದೆ ಅದೇ ಬಟ್ಟನ್ನು ನಾಲ್ಕೂ ಮೂಲೆಗೆ ಸರಿಸಿ. ಎಲ್ಲ ಕಡೆ ಒಂದೇ ತೂಕ ಬರಬೇಕು. ಬಿಸಿಲಿಗೆ ಇಡಬೇಡಿ. ಮಳೆಗಾಲದಲ್ಲಿ ತಂತಿ ಸೇರುವ ಪೆಟ್ಟಿಗೆಗೆ ತೇವ ಹೊಕ್ಕರೆ ಸೊನ್ನೆಯೇ ಅಲೆದಾಡುತ್ತದೆ.

ರಿಪೇರಿ ಮಾಡಿಸುವವರು ಒಂದು ಮಾತು ಕೇಳಲೇಬೇಕು: ಹಾಕಿದ ರೆಸಿಸ್ಟರ್ ಎಂಥದ್ದು? ಸಂಕೇತವನ್ನು ಹಿಗ್ಗಿಸುವ ಜಾಗದಲ್ಲಿ 25 ಪಿಪಿಎಂನ, ಅಂದರೆ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 25 ಪಾಲು ಬದಲಾಗುವ, ಮೆಟಲ್ ಫಿಲ್ಮ್ ಇದ್ದರೆ 20 ಡಿಗ್ರಿ ಶಾಖ ಏರಿದಾಗ 100 ಕಿಲೋಗೆ 50 ಗ್ರಾಂ ವ್ಯತ್ಯಾಸ. ಅಲ್ಲಿಗೆ 400 ಪಿಪಿಎಂನ, ಚಿನ್ನದ ಪಟ್ಟೆಯ ಅಗ್ಗದ ಕಾರ್ಬನ್ ಸೇರಿಸಿದರೆ ಅದು 800 ಗ್ರಾಂ. ಉಳಿಯುವುದು ಕೆಲವೇ ರೂಪಾಯಿ, ಹೋಗುವುದು ಪ್ರತಿ ಮೂಟೆಯಲ್ಲೂ.

ಸೀಲ್ ಒಡೆಯುವ ಕೆಲಸ ಪರವಾನಗಿ ಇರುವ ರಿಪೇರಿಯವರದು. ಆಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಮತ್ತೆ ಮುದ್ರೆ ಹಾಕಿಸಬೇಕು. ರಿಪೇರಿ ಇಲ್ಲದಿದ್ದರೂ ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಮುದ್ರೆ ಕಡ್ಡಾಯ. ಅದರ ಪ್ರಮಾಣಪತ್ರ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತಿರಬೇಕು. ಕಾಣದಿದ್ದರೆ ಮೂಟೆ ಇಳಿಸುವ ಮೊದಲೇ ಕೇಳಿ.