ಹೀಟ್‌ಸಿಂಕ್ ಅಂಟಿಸುವ ಮುನ್ನ

ಬೇಸಿಗೆಯಲ್ಲಿ ನೆರಳಿನಲ್ಲಿಯೂ ಉಷ್ಣಮಾನವು 40 ಡಿಗ್ರಿಯನ್ನು ದಾಟುವ ಬಳ್ಳಾರಿಯಲ್ಲಿ ಬಿಸಿಲಿನ ಪ್ರತಾಪವನ್ನು ಯಾರಿಗೂ ವರ್ಣಿಸಿ ಹೇಳಬೇಕಾಗಿಲ್ಲ. ಆದರೆ ಯಂತ್ರದೊಳಗಿನ ಚಿಪ್ಪಿನ ನೆತ್ತಿಯ ಮೇಲೆ ಕೂರಿಸುವ ಅಲ್ಯೂಮಿನಿಯಂ ಹೀಟ್‌ಸಿಂಕನ್ನು ಯಾವ ಅಂಟಿನಿಂದ, ಎಷ್ಟು ತೆಳುವಾಗಿ, ಎಷ್ಟು ಸಾವಧಾನದಿಂದ ಅಂಟಿಸಬೇಕೆಂಬುದನ್ನು, ಬೋರ್ಡ್ ರಿಪೇರಿಯನ್ನೇ ವೃತ್ತಿಯಾಗಿ ಹಿಡಿದ ನಾನು ಹೇಳದೆ ಇರಲಾರೆನು.

ನನ್ನ ಸೋದರಮಾವನವರು ಸಿರುಗುಪ್ಪದ ಅಕ್ಕಿ ಮಿಲ್ಲೊಂದರ ಪಾಲುದಾರರು. ಅಲ್ಲಿನ ಕಲರ್ ಸಾರ್ಟರ್, ಅಂದರೆ ಧಾರೆಯಾಗಿ ಇಳಿಯುವ ಅಕ್ಕಿಯನ್ನು ಕ್ಯಾಮೆರಾಗಳಿಂದ ಪರೀಕ್ಷಿಸಿ, ಬಣ್ಣಗೆಟ್ಟ ಕಾಳನ್ನು ಗಾಳಿಯ ಹೊಡೆತದಿಂದ ಹೊರದೂಡುವ ಯಂತ್ರವು, ಬೆಳಗಿನಲ್ಲಿ ನಿರಾತಂಕವಾಗಿ ನಡೆದು, ಹೊತ್ತೇರಿದೊಡನೆ ನಿಂತುಬಿಡುತ್ತಿತ್ತು. ಮುಚ್ಚಳ ತೆಗೆದು ನೋಡಿದರೆ, ಕಂಟ್ರೋಲ್ ಬೋರ್ಡಿನ ಮುಖ್ಯ ಚಿಪ್ಪಿನ ಮೇಲೆ, ಮಾವನವರು ನನಗಿಂತ ಮೊದಲು ಕರೆಸಿದ್ದ ಯಾರೋ ಒಬ್ಬರು, ಮರಕ್ಕೂ ಕಲ್ಲಿಗೂ ಹಚ್ಚುವ ಸಾಮಾನ್ಯ ಎಪಾಕ್ಸಿಯನ್ನು ಅರ್ಧ ಮಿಲಿಮೀಟರ್ ದಪ್ಪಕ್ಕೆ ಬಳಿದು ಹೀಟ್‌ಸಿಂಕನ್ನು ಕೂರಿಸಿದ್ದರು. ಎರಡು ಸೆಂಟಿಮೀಟರ್ ಚದರದ, ಎಂಟು ವ್ಯಾಟ್ ಶಾಖವನ್ನು ಹೊರಸೂಸುವ ಚಿಪ್ಪೊಂದಕ್ಕೆ ಇಂತಹ ಲೇಪವಾದರೆ, ಆ ಪದರವೊಂದರ ಆಚೆ ಈಚೆಗೇ ಸುಮಾರು 50 ಡಿಗ್ರಿಗಳ ಅಂತರವುಂಟಾಗುತ್ತದೆ. ಅಲ್ಯೂಮಿನಾ ಪುಡಿ ಬೆರೆತ ಶಾಖವಾಹಕ ಅಂಟನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ತೆಳುವಾಗಿ ಹಚ್ಚಿದರೆ ಅದೇ ಅಂತರವು ಎರಡು ಡಿಗ್ರಿಗಳಿಗೆ ಇಳಿಯುತ್ತದೆ. ದಪ್ಪ ಅಂಟು ಚಿಪ್ಪಿಗೆ ಹೊದಿಸಿದ ಕಂಬಳಿ. ಹಾಗೆಂದು ಶಾಖವನ್ನು ದಾಟಿಸಿದರೂ ಅಂಟಿಕೊಳ್ಳದ ಬರಿಯ ಥರ್ಮಲ್ ಪೇಸ್ಟು ಸಾಲುತ್ತಿರಲಿಲ್ಲ. ಆ ಬೋರ್ಡಿನಲ್ಲಿ ಹೀಟ್‌ಸಿಂಕನ್ನು ಬಿಗಿಯಲು ಸ್ಕ್ರೂ ರಂಧ್ರಗಳಿರಲಿಲ್ಲ, ಯಂತ್ರವಾದರೋ ಹಗಲಿರುಳು ಅದುರುವಂಥದು.

ಅಂಟನ್ನು ಹಚ್ಚುವುದಕ್ಕಿಂತ ಹಚ್ಚಿದ ಅಂಟನ್ನು ಬಿಡಿಸುವುದೇ ಕಷ್ಟ. ಮಾವನವರು ನನ್ನ ಹಿಂದೆ ನಿಂತು, "ಏ ಅಳಿಯಾ, ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಬರ್ತೈತೆ, ಅದಕ್ಕೇನು ಮುಹೂರ್ತ ನೋಡ್ತಿ?" ಎಂದು ಅವಸರಪಡಿಸುತ್ತಿದ್ದರು. ಕುರುಗೋಡಿನಲ್ಲಿ ಡಿಟಿಪಿ ಅಂಗಡಿಯಿಟ್ಟಿರುವ ನನ್ನ ಷಡ್ಡಕರು ತಮ್ಮ ಕಂಪ್ಯೂಟರಿನಲ್ಲಿ ಹಾಗೆಯೇ ಮೀಟಿದ್ದರು. ಹೀಟ್‌ಸಿಂಕಿನೊಡನೆ ಚಿಪ್ಪೂ, ಚಿಪ್ಪಿನೊಡನೆ ಅದರ ಅಡಿಯ ಬೆಸುಗೆಯ ಗುಂಡುಗಳು ಹಿಡಿದಿದ್ದ ತಾಮ್ರದ ಬಿಲ್ಲೆಗಳೂ ಕಿತ್ತುಬಂದಿದ್ದವು. ಆ ಬೋರ್ಡನ್ನು ನಾನೂ ನೋಡಿದ್ದೆನು. ಅದನ್ನು ಬದುಕಿಸುವ ಮಾರ್ಗವಿರಲಿಲ್ಲ. ಈ ಸಂಗತಿಯನ್ನು ಹೇಳಿದರೂ ಮಾವನವರು ಕೇಳಲೊಲ್ಲರು. ಹೊರಗೆ ಲಾರಿ ನಿಂತಿದೆ, ಹಮಾಲರು ಕೂತಿದ್ದಾರೆ, ಇದೊಂದೇ ಅವರ ಮಾತು.

ಅಂಚಿಗೆ ಉಕ್ಕಿಬಂದಿದ್ದ ಅಂಟಿಗೆ ಉಗುರನ್ನು ಒತ್ತಿ ನೋಡಿದೆನು, ಉಗುರು ಇಳಿಯಲಿಲ್ಲ. ಉಗುರು ಇಳಿದಿದ್ದರೆ ಅದು ಸಿಲಿಕೋನ್. ಅದಕ್ಕೆ ತಂಪು ನಾಟದು, ನೈಲಾನ್ ದಾರವನ್ನು ನಡುವೆ ತೂರಿಸಿ ಗರಗಸದಂತೆ ಎಳೆದು ಕೊಯ್ಯಬೇಕು. ಎಪಾಕ್ಸಿಯಾದರೋ ಶೀತದಲ್ಲಿ ಪೆಡಸಾಗುತ್ತದೆ. ಬೋರ್ಡನ್ನು ಪಾಲಿಥಿನ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಎದುರಿನ ಐಸ್‌ಕ್ರೀಮ್ ಅಂಗಡಿಯವರನ್ನು ಬೇಡಿಕೊಂಡು, ಅವರ ಫ್ರೀಜರಿನಲ್ಲಿ ಇರಿಸಿದೆನು. ಹೊರತೆಗೆದ ಮೇಲೆ ರಬ್ಬರ್ ಸುತ್ತಿದ ಇಕ್ಕಳದಿಂದ ಹೀಟ್‌ಸಿಂಕನ್ನು ಹಿಡಿದು, ಮೇಲಕ್ಕೆ ಎಳ್ಳಷ್ಟೂ ಎತ್ತದೆ, ಬೋರ್ಡಿಗೆ ಸಮಾನಾಂತರವಾಗಿಯೇ, ಕೂದಲೆಳೆಯಷ್ಟು ಎಡಕ್ಕೆ, ಅಷ್ಟೇ ಬಲಕ್ಕೆ ತಿರುಚತೊಡಗಿದೆನು. ಲೋಹ ಬೆರಳನ್ನು ಕೊರೆಯುತ್ತಿತ್ತು. ಹೆಚ್ಚು ಬಲವನ್ನು ಹಾಕಿದರೆ ಚಿಪ್ ಹೋಗುತ್ತದೆ, ಕಡಿಮೆ ಹಾಕಿದರೆ ತಂಪು ಇಳಿದು ಅಂಟು ಮತ್ತೆ ಪಟ್ಟು ಹಿಡಿಯುತ್ತದೆ. ಮಾವನವರು ನನ್ನ ಕೈಯಿಂದ ಇಕ್ಕಳವನ್ನು ತೆಗೆದುಕೊಳ್ಳಲು ಬಂದಾಗ, ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಕೈಯನ್ನು ತಳ್ಳಿದೆನು. ಆ ಕ್ಷಣವೇ ಟಕ್ಕೆಂಬ ಸದ್ದಾಯಿತು. ಮುರಿದದ್ದು ಅಂಟೋ ಬೆಸುಗೆಯೋ ತಿಳಿಯದೆ, ಹೀಟ್‌ಸಿಂಕನ್ನು ಎತ್ತಿ ನೋಡಲು ನನಗೆ ಧೈರ್ಯ ಬರಲಿಲ್ಲ; ಕೆಲಸದ ಹುಡುಗನು ಟಾರ್ಚ್ ಹಿಡಿದು, "ಅಣ್ಣಾ, ಚಿಪ್ ಅಲ್ಲೇ ಐತೆ" ಎಂದಾಗಲೇ ನಾನು ಉಸಿರು ಬಿಟ್ಟದ್ದು. ಭೂತಗನ್ನಡಿಯಲ್ಲಿ ನಾಲ್ಕು ಬದಿಯನ್ನೂ ನೋಡಿದೆನು. ಒಂದು ಗುಂಡೂ ಸರಿದಿರಲಿಲ್ಲ.

ಆಗಲೇ ಅಂಟಿಸಿ ಯಂತ್ರವನ್ನು ಓಡಿಸಬೇಕೆಂದು ಮಾವನವರು ಮತ್ತೆ ಹಟ ಹಿಡಿದರು. ತಣ್ಣನೆಯ ಬೋರ್ಡಿನ ಮೇಲೆ ಇಬ್ಬನಿ ಕಟ್ಟಿತ್ತು. ಅದಕ್ಕೆ ವಿದ್ಯುತ್ ಕೊಡುವುದೆಂದರೆ ಉಳಿದದ್ದನ್ನೂ ಸುಡುವುದೇ ಸರಿ. ಬೋರ್ಡನ್ನು ಎತ್ತಿಕೊಂಡು ಬಳ್ಳಾರಿಯ ಬಸ್ಸು ಹತ್ತಿದೆನು. ಅಂದಿನ ನಷ್ಟಕ್ಕೆ ನಾನೇ ಕಾರಣನೆಂದು ಬಂಧುಗಳ ಮದುವೆ ಮುಂಜಿಗಳಲ್ಲಿ ಅವರು ಇಂದಿಗೂ ಹೇಳುತ್ತಿರುವರು. ಹೊಸ ಬೋರ್ಡಿನ ಬೆಲೆಯೆಷ್ಟೆಂಬುದನ್ನು ಮಾತ್ರ ಯಾರಿಗೂ ಹೇಳರು.

ಇನ್ನು ಅಂಟಿಸುವವರಿಗೆ ನನ್ನ ಮಾತು. ಅಕ್ಕಿ ಮಿಲ್ಲಿನ ಬೋರ್ಡಿನ ಮೇಲೆ ತೌಡಿನ ಜಿಡ್ಡು ಕಣ್ಣಿಗೆ ಕಾಣದಂತೆ ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಎರಡೂ ಮೈಗಳನ್ನು ಒರೆಸಿದ ಮೇಲೆ ಬೆರಳು ತಾಗಿಸಬಾರದು. ಎರಡು ಟ್ಯೂಬಿನ ಅಂಟಾದರೆ ತಯಾರಕರು ಹೇಳಿದ ಪ್ರಮಾಣದಲ್ಲಿಯೇ ಬೆರೆಸಿ, ನಡುವೆ ಒಂದು ಚುಕ್ಕಿ ಇಟ್ಟು, ಒತ್ತಿ, ಕ್ಲಾಂಪ್ ಹಾಕಿ, ಪೂರ್ತಿ ಗಟ್ಟಿಯಾಗುವವರೆಗೆ ಬಿಡಬೇಕು. ಬೆಳ್ಳಿಯ ಪುಡಿಯಿರುವ ಅಂಟು ಪಿನ್ನುಗಳ ಸಮೀಪಕ್ಕೆ ಸುಳಿಯಕೂಡದು. ಅಲ್ಲಿ ಅಲ್ಯೂಮಿನಾ ಉಳ್ಳದ್ದೇ ಕ್ಷೇಮ. ಒಂದೇ ಟ್ಯೂಬಿನ ಬಿಳಿಯ ಸಿಲಿಕೋನ್ ಅಂಟಾದರೋ ಗಾಳಿಯ ತೇವದಿಂದ ಗಟ್ಟಿಯಾಗುವಂಥದು. ನಮ್ಮ ಬೇಸಿಗೆಯ ಒಣಗಾಳಿಯಲ್ಲಿ ಟ್ಯೂಬಿನ ಮೇಲೆ ಅಚ್ಚಾದ ಅವಧಿಗಿಂತ ಹೆಚ್ಚು ಹೊತ್ತು ಅದನ್ನು ಕಾಯಿರಿ. ಮುಂದೆಂದಾದರೂ ತೆಗೆಯಬೇಕಾದೀತೆಂಬ ಸಂಶಯವಿದ್ದಲ್ಲಿ ನಡುವೆ ಪೇಸ್ಟನ್ನು ಹಚ್ಚಿ, ಎರಡು ಮೂಲೆಗಳಿಗೆ ಮಾತ್ರ ಅಂಟಿನ ಬಿಂದುಗಳನ್ನು ಇಡಿರಿ. ಕೆಲಸ ಮುಗಿಯುವವರೆಗೆ ಮಿಲ್ಲಿನ ಯಜಮಾನರನ್ನು ಕೋಣೆಯೊಳಗೆ ಬಿಡಬೇಡಿರಿ, ಅವರು ಬಂಧುಗಳೇ ಆಗಿದ್ದರೂ.